ಬಾಲ್ಡ್‌ವಿನ್ ಶಾಲೆಗಳ ಹೆಸರಿನ ಹಿಂದಿರುವ ಜಾನ್ ಬಾಲ್ಡ್‌ವಿನ್: ಸಾಣೆಕಲ್ಲಿನ ದುಡ್ಡು ಕಾಲೇಜಾದದ್ದು ಹೇಗೆ?

ಪ್ರಶ್ನೆ — ಹಳೇದಫ್ತರ

ಬೆಂಗಳೂರಿನ ರಿಚ್ಮಂಡ್ ಟೌನ್‌ನ ಬಾಲ್ಡ್‌ವಿನ್ ಶಾಲೆಗಳು 1880ರಲ್ಲಿ ಮೆಥೊಡಿಸ್ಟ್ ಮಿಷನ್‌ನವರು ಶುರುಮಾಡಿದವು. ಆ ಹೆಸರು ಅಮೆರಿಕದ ಓಹಾಯೊ ರಾಜ್ಯದ ಬೆರಿಯಾ ಊರಿನ ಜಾನ್ ಬಾಲ್ಡ್‌ವಿನ್ ಅವರದು, ದೊಡ್ಡ ದೇಣಿಗೆ ಕೊಟ್ಟವರು ಅವರೇ ಎಂಬಷ್ಟು ಎಲ್ಲ ಕಡೆ ಸಿಗುತ್ತದೆ. ಅದಕ್ಕೂ 35 ವರ್ಷ ಮೊದಲೇ, 1845ರಲ್ಲಿ, ತಮ್ಮ ಊರಿನಲ್ಲೇ ಒಂದು ಮೆಥೊಡಿಸ್ಟ್ ವಿದ್ಯಾಸಂಸ್ಥೆ ಕಟ್ಟಿದವರು ಇವರು. ಸಂಪಾದಿಸಿದ್ದು ಸಾಣೆಕಲ್ಲು ಮಾಡಿ ಮಾರಿ.

ಮೂರು ವಿಷಯ ಬಿಡಿಸಿ ಹೇಳುತ್ತೀರಾ?

ಒಂದು, ಒಂದು ಕಾಲೇಜು ಕಟ್ಟುವಷ್ಟು ದುಡ್ಡು ಸಾಣೆಕಲ್ಲಿನಲ್ಲಿ ಹುಟ್ಟಿದ್ದು ಹೇಗೆ? ಎರಡು, ಅದು ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯೋ, ಎಲ್ಲರೂ ಓದುವ ಕಾಲೇಜೋ? ಮೂರು, ಅವರು ಕೊಟ್ಟದ್ದು ನಗದೇ, ಜಮೀನೇ? ಕೊಟ್ಟದ್ದು ಮುಂದೆ ಉಳಿಯಿತೇ?

---

ಕಲ್ಲುಕುಟಿಕ

ಮೊದಲನೆಯದಕ್ಕೆ ಉತ್ತರ ಕೊಡುತ್ತೇನೆ. ಉಳಿದ ಎರಡೂ ಇದರ ಮೇಲೇ ನಿಂತಿವೆ.

ಇವತ್ತು ಸಾಣೆಕಲ್ಲು ಅಂದರೆ ಸೈಕಲ್ ಮೇಲೆ ಬರುವ ಚಾಕು ಸಾಣೆಯವನು ನೆನಪಾಗುತ್ತಾನೆ. 1840ರ ಅಮೆರಿಕದಲ್ಲಿ ಅದು ಕೊಡಲಿಯಷ್ಟೇ ಅಗತ್ಯದ ವಸ್ತು. ಕಾಡು ಕಡಿದು ಹೊಲ ಮಾಡುತ್ತಿದ್ದ ನಾಡದು. ಪ್ರತಿ ಮನೆಯಲ್ಲೂ ಕೊಡಲಿ, ಕುಡುಗೋಲು, ಉಳಿ. ಪ್ರತಿ ಊರಿನಲ್ಲೂ ಕಮ್ಮಾರಸಾಲೆ. ಕೊಡಲಿ, ನೇಗಿಲು, ಗರಗಸ ಮಾಡುವ ಕಾರ್ಖಾನೆಗಳಲ್ಲಿ ಆಳೆತ್ತರದ ಕಲ್ಲುಗಳು ದಿನವಿಡೀ ತಿರುಗುತ್ತಿದ್ದವು. ಕಲ್ಲು ಸವೆಯುತ್ತದೆ, ಸವೆದರೆ ಹೊಸದು ಬೇಕು. ಮುಗಿಯದ ಗಿರಾಕಿ ಎಂದರೆ ಇದೇ.

ಎಲ್ಲ ಮರಳುಗಲ್ಲೂ ಸಾಣೆಗೆ ಬಾರದು. ಮರಳಿನ ಕಣಗಳನ್ನು ಹಿಡಿದಿಡುವ ಅಂಟು ಹದವಾಗಿರಬೇಕು. ಅಂಟು ಬಿಗಿಯಾದರೆ, ಮೊಂಡಾದ ಕಣ ಉದುರದೆ ಅಲ್ಲೇ ಕೂತು ಕಲ್ಲಿನ ಮೈ ಗಾಜಿನಂತೆ ನುಣುಪಾಗುತ್ತದೆ. ಕಬ್ಬಿಣ ಬಿಸಿಯಾಗುತ್ತದೆಯೇ ಹೊರತು ಹರಿತವಾಗುವುದಿಲ್ಲ. ಅಂಟು ಸಡಿಲವಾದರೆ ಕಲ್ಲೇ ಬೇಗ ಕರಗಿ ನಡುವೆ ಗಾಡಿಜಾಡಿನಂಥ ತಗ್ಗು ಬೀಳುತ್ತದೆ. ಕಣ ಮೊಂಡಾದ ಹೊತ್ತಿಗೆ ಸರಿಯಾಗಿ ಉದುರಿ, ಕೆಳಗಿನ ಹೊಸ ಕಣ ಮೇಲೆ ಬರಬೇಕು. ಭೂವಿಜ್ಞಾನಿಗಳು ಇಂದಿಗೂ ಬೆರಿಯಾ ಮರಳುಗಲ್ಲು ಎಂದೇ ಕರೆಯುವ ಆ ಪದರಕ್ಕೆ ಈ ಗುಣವಿತ್ತು. ಕ್ಲೀವ್‌ಲ್ಯಾಂಡ್‌ನಿಂದ ನೈಋತ್ಯಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ, ರಾಕಿ ನದಿಯ ದಂಡೆಯಲ್ಲಿ, ಬಾಲ್ಡ್‌ವಿನ್ ಅವರ ಹೊಲದ ಕೆಳಗೇ ಅದು ಸಿಕ್ಕಿತು.

ಕೆಲಸ ಹೀಗೆ. ಕಲ್ಲು ಹಾಸುಹಾಸಾಗಿರುವುದರಿಂದ ಪದರದ ಗೆರೆ ಹಿಡಿದು ಬೆಣೆ ಹೊಡೆದು ಚಪ್ಪಡಿ ಎಬ್ಬಿಸುವುದು. ಮೇಲೆ ವೃತ್ತ ಗೀಚಿ, ಹೊರಗಿನ ಮೂಲೆಗಳನ್ನು ಚೂಪು ಸುತ್ತಿಗೆಯಿಂದ ಉದುರಿಸಿ ಒರಟಾಗಿ ದುಂಡು ಮಾಡುವುದು. ನಡುವೆ ಚೌಕದ ಕಣ್ಣು ಕೊರೆಯುವುದು. ಆಮೇಲೆ ನಯ ಮಾಡಬೇಕು. ಉಳಿ ಹಿಡಿದು ಕೈಯಲ್ಲೇ ಸುತ್ತ ಕೆತ್ತಿದರೆ ಒಂದೊಂದಕ್ಕೂ ಬಹಳ ಹೊತ್ತು ಹಿಡಿಯುತ್ತದೆ, ಅಷ್ಟಾದರೂ ಪೂರ್ತಿ ದುಂಡಗಾಗುವುದಿಲ್ಲ. ಬಾಲ್ಡ್‌ವಿನ್ ಅವರ ಹೆಸರು ನಿಂತಿದ್ದು ಇಲ್ಲಿ. ಸಾಣೆಕಲ್ಲನ್ನೇ ತಿರುಗಿಸಿ ಕಡೆಯುವ ಲೇತನ್ನು ಅವರು ಬಳಕೆಗೆ ತಂದರು. ಕಲ್ಲನ್ನು ಕಬ್ಬಿಣದ ದಂಡಕ್ಕೆ ಸಿಕ್ಕಿಸಿ, ಎರಡೂ ಬದಿಗೆ ಬಿಲ್ಲೆ ಬಿಗಿದು ತಿರುಗಿಸುವುದು. ಆನಿಕೆಯ ಮೇಲೆ ಕಬ್ಬಿಣದ ಸರಳನ್ನು ಒತ್ತಿ ಹಿಡಿದರೆ ಉಬ್ಬುತಗ್ಗು ಸಮನಾಗಿ ಇಳಿಯುತ್ತದೆ.

ದುಂಡಗಿರುವುದು ಅಂದಕ್ಕೆ ಬೇಕಾದದ್ದಲ್ಲ. 4 ಅಡಿ ಅಡ್ಡಳತೆ, 6 ಅಂಗುಲ ದಪ್ಪದ ಕಲ್ಲಿನ ತೂಕ ಸುಮಾರು 370 ಕೆ.ಜಿ. ಒಂದು ಕಡೆ ತೂಕ ಜಾಸ್ತಿಯಾದರೆ ತಿರುಗುವಾಗ ಗಡಗಡ ಅಲ್ಲಾಡಿ ಬೇರಿಂಗ್ ತಿನ್ನುತ್ತದೆ. ಉಪಕರಣ ಸಾಣೆ ಹಿಡಿಯಲು ಅಂಚಿನ ವೇಗ ಸೆಕೆಂಡಿಗೆ 4 ಮೀಟರ್ ಸಾಕು, ಅಂದರೆ ಈ ಅಳತೆಯ ಕಲ್ಲಿಗೆ ನಿಮಿಷಕ್ಕೆ 60-65 ಸುತ್ತು. ಕೆಲಸ ಬೇಗ ಮುಗಿಯಲೆಂದು ವೇಗ ಇಮ್ಮಡಿ ಮಾಡಿದರೆ ಕಲ್ಲನ್ನು ಹರಿಯುವ ಸೆಳೆತ ನಾಲ್ಕು ಪಟ್ಟಾಗುತ್ತದೆ. ಹಳೆಯ ಕಾರ್ಖಾನೆಗಳಲ್ಲಿ ಕಲ್ಲು ಸಿಡಿದು ಜನ ಸತ್ತದ್ದರ ಹಿಂದಿನ ಲೆಕ್ಕ ಇದು.

ಸಿಡಿಯಲು ಇನ್ನೂ ಎರಡು ಕಾರಣ ಇರುತ್ತಿದ್ದವು. ಕಣ್ಣಿಗೆ ಮರದ ಬೆಣೆ ಬಿಗಿಯಾಗಿ ಬಡಿದಿದ್ದರೆ, ಸಾಣೆ ನೀರು ಕುಡಿದು ಬೆಣೆ ಉಬ್ಬಿ ಚೌಕದ ಮೂಲೆಯಿಂದ ಬಿರುಕು ಹೊರಡುತ್ತದೆ. ಅದಕ್ಕೇ ಬೆಣೆ ಬಿಟ್ಟು ಎರಡು ಬದಿಯ ಬಿಲ್ಲೆಗಳಿಂದ ಒತ್ತಿ ಹಿಡಿಯುವುದು ಮೇಲು. ಇನ್ನೊಂದು, ಸಂಜೆ ಕೆಲಸ ನಿಲ್ಲಿಸುವಾಗ ಕಲ್ಲಿನ ಕೆಳಭಾಗವನ್ನು ತೊಟ್ಟಿಯ ನೀರಿನಲ್ಲೇ ಬಿಡುವುದು. ನೆನೆದ ಅರ್ಧ ಭಾರವಾಗುತ್ತದೆ, ಮೆತ್ತಗೂ ಆಗುತ್ತದೆ. ಬೆಳಿಗ್ಗೆ ತಿರುಗಿಸಿದರೆ ತೂಕ ತಪ್ಪಿರುತ್ತದೆ. ಓಹಾಯೊ ಚಳಿಗಾಲದಲ್ಲಿ ಆ ನೀರು ಒಳಗೇ ಹೆಪ್ಪುಗಟ್ಟಿ ಕಲ್ಲನ್ನು ಸೀಳುತ್ತದೆ.

ಇಷ್ಟೆಲ್ಲ ಹೇಳಿ ಧೂಳಿನ ಮಾತು ಬಿಟ್ಟರೆ ತಪ್ಪಾಗುತ್ತದೆ. ಬಳಸುವಾಗ ಕಲ್ಲು ಒದ್ದೆ, ಆದರೆ ಲೇತಿನಲ್ಲಿ ಕಡೆಯುವಾಗ ಒಣಕಲು. ಸಿಲಿಕಾ ಧೂಳು ಮುಖಕ್ಕೇ ಏಳುತ್ತದೆ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿ ನಿಲ್ಲುತ್ತದೆ, ಕಾಣದ ಧೂಳು ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿ ಗಾಯದ ಕಲೆ ಕಟ್ಟುತ್ತದೆ. ಇಂದು ಸಿಲಿಕೋಸಿಸ್ ಎನ್ನುವ ಈ ರೋಗವನ್ನು ಅಂದು ಸಾಣೆಯವರ ಕ್ಷಯ ಎನ್ನುತ್ತಿದ್ದರು. ಬೆರಿಯಾದ ಕಲ್ಲುಕೆಲಸದವರು ಅದರಿಂದ ಸತ್ತರು. ಆ ಕಾಲೇಜಿನ ಅಡಿಪಾಯದ ಲೆಕ್ಕ ಬರೆಯುವವರು ಇದನ್ನೂ ಬರೆಯಬೇಕು.

---

ದತ್ತಿಲೆಕ್ಕ

ಎರಡನೆಯ ಪ್ರಶ್ನೆಗೆ.

ಬಾಲ್ಡ್‌ವಿನ್ ಹುಟ್ಟಿದ್ದು 1799ರಲ್ಲಿ, ಕನೆಕ್ಟಿಕಟ್‌ನಲ್ಲಿ. ಓಹಾಯೊದ ಮಿಡಲ್‌ಬರ್ಗ್ ಟೌನ್‌ಶಿಪ್‌ಗೆ ಬಂದದ್ದು 1828ರಲ್ಲಿ. ಮೊದಲ ಪ್ರಯತ್ನ ಕಾಲೇಜಲ್ಲ. 1837ರಲ್ಲಿ, ಊರೂರಲ್ಲಿ ಲೈಸಿಯಂ ಎಂಬ ಜನರ ಕಲಿಕೆಯ ಕೂಟಗಳನ್ನು ಹುಟ್ಟುಹಾಕುತ್ತಿದ್ದ ಜೋಸಯ್ಯ ಹೋಲ್‌ಬ್ರೂಕ್ ಜೊತೆ ಸೇರಿ ಲೈಸಿಯಂ ವಿಲೇಜ್ ಎಂಬ ಊರನ್ನೇ ಎಬ್ಬಿಸಲು ಹೊರಟರು. ಓದು, ಧರ್ಮ, ದುಡಿಮೆ ಮೂರೂ ಒಂದೇ ಕಡೆ. ಶಾಲೆಗಳಿಗೆ ಬೇಕಾದ ಭೂಗೋಲ (ಗ್ಲೋಬ್) ಮಾಡಿ ಮಾರಿ ಊರು ನಡೆಯಬೇಕು ಎಂಬುದು ಯೋಜನೆ. ಕೆಲವೇ ವರ್ಷದಲ್ಲಿ ಅದು ಮುಳುಗಿತು. ಭೂಗೋಲಕ್ಕೆ ಗಿರಾಕಿ ಶಾಲೆ ಮಾತ್ರ, ಅದೂ ಒಮ್ಮೆ ಕೊಂಡರೆ ಹತ್ತಾರು ವರ್ಷ ಬಾಳುತ್ತದೆ. ಮೇಲಿನವರು ಹೇಳಿದ ಸವೆಯುವ ಕಲ್ಲಿನ ವ್ಯಾಪಾರ ಇದಕ್ಕೆ ಪೂರ್ತಿ ತಿರುಗುಮುರುಗು. ಬಾಲ್ಡ್‌ವಿನ್ ಅವರ ಎರಡನೆಯ ಪ್ರಯತ್ನ ನಿಂತಿತು, ಮೊದಲನೆಯದು ಬಿತ್ತು ಎಂಬುದಕ್ಕೆ ನನಗೆ ಕಾಣುವ ಮುಖ್ಯ ಕಾರಣ ಇದೇ. ಭಕ್ತಿ ಎರಡರಲ್ಲೂ ಒಂದೇ ಸಮ ಇತ್ತು.

ಊರಿಗೆ ಹೆಸರಿಡುವಾಗ ತಾಬೋರ್ ಅಥವಾ ಬೆರಿಯಾ ಎಂದು ನಾಣ್ಯ ಚಿಮ್ಮಿದರಂತೆ. ಕನ್ನಡ ಬೈಬಲ್ಲಿನಲ್ಲಿ ಇದು ಬೆರೋಯ. ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯದಲ್ಲಿ, ಕೇಳಿದ್ದನ್ನು ದಿನಾಲು ಶಾಸ್ತ್ರದೊಡನೆ ತಾಳೆ ನೋಡುತ್ತಿದ್ದ ಜನರ ಊರು.

1845ರಲ್ಲಿ ಬಾಲ್ಡ್‌ವಿನ್ ಇನ್‌ಸ್ಟಿಟ್ಯೂಟ್. 1855ರಲ್ಲಿ ಅದು ಬಾಲ್ಡ್‌ವಿನ್ ಯೂನಿವರ್ಸಿಟಿ. ಮೆಥೊಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಆಸರೆಯ ಕಾಲೇಜು, ಆದರೆ ಬರೀ ಪಾದ್ರಿಗಳ ಸೆಮಿನರಿ ಅಲ್ಲ. ಹೆಂಗಸರು ಗಂಡಸರು ಎಂಬ ಭೇದವಿಲ್ಲದೆ, ಬಣ್ಣ ನೋಡದೆ ಸೇರಿಸಿಕೊಂಡ ಅಮೆರಿಕದ ಮೊದಲ ಕೆಲವು ಕಾಲೇಜುಗಳಲ್ಲಿ ಇದೂ ಒಂದು. ಗುಲಾಮಗಿರಿ ಇನ್ನೂ ಕಾನೂನಾಗಿದ್ದ ದೇಶದಲ್ಲಿ, 1840ರ ದಶಕದಲ್ಲಿ ತೆಗೆದುಕೊಂಡ ನಿಲುವು ಇದು. ಬಾಲ್ಡ್‌ವಿನ್ ಅವರನ್ನು ದಾನಿ ಎಂದು ಮಾತ್ರ ನೆನೆದರೆ ಸಾಲದು ಎನ್ನುವುದು ಈ ಕಾರಣಕ್ಕೆ.

ಪಾದ್ರಿಗಳ ತರಬೇತಿ ಹೆಚ್ಚಾಗಿ ನಡೆದದ್ದು ಪಕ್ಕದಲ್ಲಿ. ಓಹಾಯೊದಲ್ಲಿ ಜರ್ಮನ್ ಮಾತನಾಡುವ ಮೆಥೊಡಿಸ್ಟರು ಬಹಳ. ಅವರಿಗಾಗಿ ಮೊದಲು ಒಂದು ಜರ್ಮನ್ ವಿಭಾಗ ತೆರೆದರು. 1863ರಲ್ಲಿ ಅದು ಬೇರ್ಪಟ್ಟು ಜರ್ಮನ್ ವಾಲೇಸ್ ಕಾಲೇಜಾಯಿತು. ವಾಲೇಸ್ ಎಂಬುದು ಜೇಮ್ಸ್ ವಾಲೇಸ್ ಅವರ ಹೆಸರು, ಅವರೂ ಬೆರಿಯಾದ ಕಲ್ಲುಗಣಿ ಮಾಲೀಕರೇ. ಮೊದಲ ಅಧ್ಯಕ್ಷ ವಿಲಿಯಂ ನಾಸ್ಟ್, ಅಮೆರಿಕದ ಜರ್ಮನ್ ಮೆಥೊಡಿಸಂನ ತಂದೆ ಎನಿಸಿಕೊಂಡವರು. ನಾಸ್ಟ್ ಹುಟ್ಟಿದ್ದು ವುರ್ಟೆಂಬರ್ಗ್ ನಾಡಿನ ಸ್ಟುಟ್ಗಾರ್ಟ್‌ನಲ್ಲಿ. ನಮ್ಮ ‘ಮಂಗಳೂರ ಸಮಾಚಾರ’ದ ಹರ್ಮನ್ ಮೊಗ್ಲಿಂಗ್ ಅವರೂ ಅದೇ ವುರ್ಟೆಂಬರ್ಗ್‌ನವರು. ಒಬ್ಬರು ಪಡುವಣಕ್ಕೆ ಹೋದರು, ಒಬ್ಬರು ಮೂಡಣಕ್ಕೆ ಬಂದರು.

ಎರಡು ಕಾಲೇಜುಗಳೂ 1913ರಲ್ಲಿ ಸೇರಿ ಬಾಲ್ಡ್‌ವಿನ್-ವಾಲೇಸ್ ಕಾಲೇಜಾದವು. 2012ರಿಂದ ಅದು ಯೂನಿವರ್ಸಿಟಿ.

---

ಹಳೇದಫ್ತರ

ಇಬ್ಬರಿಗೂ ಧನ್ಯವಾದ. ಮೂರನೆಯದು ಉಳಿಯಿತು: ಕೊಟ್ಟದ್ದು ಯಾವ ರೂಪದಲ್ಲಿ? ಅದೇ ಕಾಲದ ಇನ್ನೊಬ್ಬ ಮೆಥೊಡಿಸ್ಟ್ ಸಿರಿವಂತ ಡೇನಿಯಲ್ ಡ್ರೂ ಕಟ್ಟಿಸಿದ ಸೆಮಿನರಿಯ ದತ್ತಿನಿಧಿ ಮುಳುಗಿತು ಎಂದು ಓದಿದ್ದೇನೆ. ಬಾಲ್ಡ್‌ವಿನ್ ಅವರದು ಹೇಗೆ ಉಳಿಯಿತು?

---

ಮೂಲಧನ

ಬಾಲ್ಡ್‌ವಿನ್ ಕೊಟ್ಟದ್ದರಲ್ಲಿ ದೊಡ್ಡ ಪಾಲು ನೆಲ. ಕಾಲೇಜಿನ ಜಾಗ, ಊರಿನ ನಿವೇಶನಗಳು, ಕಲ್ಲಿನ ಜಮೀನು. ಡ್ರೂ ಕೊಟ್ಟದ್ದು ಅರ್ಧ ನೆಲ, ಅರ್ಧ ಮಾತು. ವ್ಯತ್ಯಾಸ ಅಲ್ಲಿದೆ, ಆದ್ದರಿಂದ ಡ್ರೂ ಕತೆಯನ್ನು ಮೊದಲು ಮುಗಿಸುತ್ತೇನೆ.

ಡೇನಿಯಲ್ ಡ್ರೂ (1797-1879) ದನದ ವ್ಯಾಪಾರದಿಂದ ಹಡ್ಸನ್ ನದಿಯ ಸ್ಟೀಮರ್‌ಗಳಿಗೆ, ಅಲ್ಲಿಂದ ಈರಿ ರೈಲ್ವೆಯ ಶೇರುಗಳಿಗೆ ಏರಿದವರು. 1866 ಅಮೆರಿಕದ ಮೆಥೊಡಿಸಂಗೆ ನೂರು ತುಂಬಿದ ವರ್ಷ. ಆ ನೆನಪಿಗೆ ಒಂದು ದೇವಶಾಸ್ತ್ರದ ಸೆಮಿನರಿ ಕಟ್ಟಿಸುವುದಾಗಿ ಡ್ರೂ ಒಪ್ಪಿಕೊಂಡರು. ನ್ಯೂಜೆರ್ಸಿಯ ಮ್ಯಾಡಿಸನ್‌ನಲ್ಲಿ ಗಿಬ್ಬನ್ಸ್ ಮನೆತನದ ಎಸ್ಟೇಟನ್ನು 1,40,000 ಡಾಲರಿಗೆ ಕೊಂಡುಕೊಟ್ಟರು. ಅಲ್ಲಿದ್ದ ಬಂಗಲೆಗೆ ಡ್ರೂ ಅವರ ಹೆಂಡತಿ ರೊಕ್ಸಾನಾ ಮೀಡ್ ಹೆಸರಿನಲ್ಲಿ ಮೀಡ್ ಹಾಲ್ ಎಂದು ಹೆಸರಾಯಿತು. 1867ರ ನವೆಂಬರ್‌ನಲ್ಲಿ ಪಾಠ ಶುರು. ಇದಿಷ್ಟೂ ಗಟ್ಟಿ ದಾನ. ಮೀಡ್ ಹಾಲ್ 1989ರಲ್ಲಿ ಬೆಂಕಿಗೆ ಸಿಕ್ಕರೂ ದುರಸ್ತಿಯಾಗಿ ಈಗಲೂ ನಿಂತಿದೆ.

ಕೆಟ್ಟದ್ದು ದತ್ತಿನಿಧಿ. ಮೇಷ್ಟ್ರುಗಳ ಸಂಬಳಕ್ಕೆಂದು ಒಪ್ಪಿಕೊಂಡ 2,50,000 ಡಾಲರ್ ಅಸಲನ್ನು ಡ್ರೂ ಟ್ರಸ್ಟಿಗಳ ಕೈಗೆ ಹಾಕಲಿಲ್ಲ. ಅಸಲಿಗೆ ಪತ್ರ ಬರೆದುಕೊಟ್ಟು, ಅದನ್ನು ತಮ್ಮಲ್ಲೇ ಇಟ್ಟುಕೊಂಡು, ವರ್ಷವರ್ಷ ಬಡ್ಡಿ ಕಟ್ಟುತ್ತಿದ್ದರು. ಆಗ ನ್ಯೂಯಾರ್ಕ್‌ನಲ್ಲಿ ಕಾನೂನಿನ ಬಡ್ಡಿ 7%. ಆ ಲೆಕ್ಕಕ್ಕೆ ವರ್ಷಕ್ಕೆ 17,500 ಡಾಲರ್. ಬಡ್ಡಿ ಬರುತ್ತಿರುವವರೆಗೆ ಎಲ್ಲರಿಗೂ ನಿಶ್ಚಿಂತೆ. ಲೆಕ್ಕದ ಪುಸ್ತಕದಲ್ಲಿ ನಿಧಿ ಇದೆ ಎಂದೇ ಕಾಣುತ್ತದೆ. ಆದರೆ ಕಾನೂನಿನ ಕಣ್ಣಲ್ಲಿ ಆ ಸೆಮಿನರಿ ದಾನ ಪಡೆದ ಸಂಸ್ಥೆಯಲ್ಲ, ಡ್ರೂ ಅವರಿಗೆ ಸಾಲ ಕೊಟ್ಟವರಲ್ಲಿ ಒಂದು, ಅದೂ ಒತ್ತೆ ಇಲ್ಲದ ಸಾಲ.

ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸೆಮಿನರಿ ತೆರೆದ ನಾಲ್ಕೇ ತಿಂಗಳಿಗೆ, 1868ರ ಮಾರ್ಚ್‌ನಲ್ಲಿ, ಈರಿ ಶೇರುಗಳ ಜಗಳದಲ್ಲಿ ಡ್ರೂ, ಜೇ ಗೌಲ್ಡ್, ಜಿಮ್ ಫಿಸ್ಕ್ ಮೂವರೂ ನ್ಯೂಯಾರ್ಕ್ ನ್ಯಾಯಾಲಯದಿಂದ ತಪ್ಪಿಸಿಕೊಂಡು ನದಿ ದಾಟಿ ಜೆರ್ಸಿ ಸಿಟಿಯ ಹೋಟೆಲ್ಲಿನಲ್ಲಿ ಕೂತಿದ್ದರು. ದತ್ತಿಯ ಅಸಲು ಇದ್ದದ್ದು ಇಂಥ ಜೂಜಿನಲ್ಲಿ ತೊಡಗಿದ್ದ ಕೈಯಲ್ಲಿ. 1873ರ ಸೆಪ್ಟೆಂಬರ್ 13ರಂದು ಡ್ರೂ ಪಾಲುದಾರರಾಗಿದ್ದ ಕೆನ್ಯನ್ ಕಾಕ್ಸ್ ಎಂಬ ಶೇರು ದಲ್ಲಾಳಿ ಸಂಸ್ಥೆ ಬಾಗಿಲು ಮುಚ್ಚಿತು. ಐದು ದಿನಕ್ಕೆ ಜೇ ಕುಕ್ ಬ್ಯಾಂಕೂ ಬಿದ್ದು ದೇಶವೇ ತಲ್ಲಣಿಸಿತು. 1876ರಲ್ಲಿ ಡ್ರೂ ದಿವಾಳಿ ಅರ್ಜಿ ಹಾಕಿದಾಗ ಸಾಲ ಹತ್ತು ಲಕ್ಷ ಡಾಲರ್ ಮೀರಿತ್ತು. ಉಳಿದ ಆಸ್ತಿಯ ಪಟ್ಟಿ: ಗಡಿಯಾರ ಮತ್ತು ಸರಪಳಿ 150 ಡಾಲರ್, ಸೀಲ್ ಚರ್ಮದ ಕೋಟು 150, ಉಡುಪು 100, ಬೈಬಲ್ಲು ಮತ್ತು ಕೀರ್ತನೆ ಪುಸ್ತಕಗಳು 130. ಸೆಮಿನರಿಯ ಬಡ್ಡಿ ಅಲ್ಲಿಗೆ ನಿಂತಿತು, ಅಸಲು ಬರಲೇ ಇಲ್ಲ.

ಸೆಮಿನರಿ ಉಳಿದದ್ದು ಆಗಿನ ಅಧ್ಯಕ್ಷ ಜಾನ್ ಫ್ಲೆಚರ್ ಹರ್ಸ್ಟ್ ಚರ್ಚುಗಳ ಮುಂದೆ ಕೈಯೊಡ್ಡಿ ಮೂರು ಲಕ್ಷ ಡಾಲರ್ ಕೂಡಿಸಿದ್ದರಿಂದ. ಬೈಬಲ್ ಅಭ್ಯಾಸ ಮಾಡುವವರು ಇಂದಿಗೂ ಕೈಗೆತ್ತಿಕೊಳ್ಳುವ ಪದಾನುಕ್ರಮಣಿಕೆಯ (ಬೈಬಲ್ಲಿನ ಯಾವ ಪದ ಎಲ್ಲೆಲ್ಲಿ ಬರುತ್ತದೆಂಬ ಪಟ್ಟಿ) ಜೇಮ್ಸ್ ಸ್ಟ್ರಾಂಗ್ ಆಗ ಅಲ್ಲೇ ಪ್ರಾಧ್ಯಾಪಕರು. 1890ರಲ್ಲಿ ಆ ಪುಸ್ತಕ ಹೊರಬಂದದ್ದು, ದಾನಿಯ ಮಾತು ಮುರಿದ ಮೇಲೂ ನಡೆದುಕೊಂಡು ಬಂದ ಅದೇ ಸೆಮಿನರಿಯ ಅಧ್ಯಾಪಕರ ಕೈಯಿಂದ.

ನಮ್ಮ ಹಳೆಯ ಶಾಸನಗಳಲ್ಲಿ ನಂದಾದೀವಿಗೆಗೆ ಗದ್ಯಾಣ ಬಿಟ್ಟವರು ಹೊನ್ನನ್ನು ದೇವಸ್ಥಾನದ ಅಥವಾ ಊರವರ ಕೈಗೆ ಒಪ್ಪಿಸುತ್ತಿದ್ದರು. ಅದರ ಬಡ್ಡಿಯಲ್ಲಿ ಎಣ್ಣೆ. ಹೊನ್ನು ದಾನಿಯ ಪೆಟ್ಟಿಗೆಯಲ್ಲೇ ಇದ್ದರೆ ಅದು ದತ್ತಿಯಲ್ಲ. ಡ್ರೂ ಸೆಮಿನರಿಯ ಟ್ರಸ್ಟಿಗಳು ಬಿಟ್ಟುಕೊಟ್ಟದ್ದು ಇದನ್ನೇ.

ಇನ್ನು ಬಾಲ್ಡ್‌ವಿನ್. ನೆಲ ಒಮ್ಮೆ ಕಾಲೇಜಿನ ಹೆಸರಿಗೆ ಪತ್ರವಾದರೆ ಕೊಟ್ಟವರು ದಿವಾಳಿಯಾದರೂ ಅಲುಗಾಡದು. ಆ ಮಟ್ಟಿಗೆ ಭದ್ರ. ಆದರೆ ನೆಲಕ್ಕೆ ತನ್ನದೇ ಕಷ್ಟಗಳಿವೆ. ನಿವೇಶನ ಮಾರಾಟವಾಗುವುದು ಊರು ಬೆಳೆದರೆ ಮಾತ್ರ. ಸಂಬಳ ತಿಂಗಳಿಗೊಮ್ಮೆ ಕೊಡಬೇಕು, ನಿವೇಶನ ತಿಂಗಳಿಗೊಂದು ಹೋಗುವುದಿಲ್ಲ. ಕಲ್ಲಿನ ಜಮೀನಿನದು ಇನ್ನೂ ಸೂಕ್ಷ್ಮ. ಕಲ್ಲು ಮಾರಿ ಬಂದ ದುಡ್ಡು ಆದಾಯದಂತೆ ಕಾಣುತ್ತದೆ, ನಿಜದಲ್ಲಿ ಅದು ಅಸಲನ್ನೇ ಚೂರುಚೂರಾಗಿ ಮಾರಿದ್ದು. ತೆಗೆದ ಕಲ್ಲು ಮತ್ತೆ ಬೆಳೆಯುವುದಿಲ್ಲ. ಅದರಲ್ಲಿ ಒಂದು ಪಾಲನ್ನು ತೆಗೆದಿಟ್ಟು ಬೇರೆ ಕಡೆ ಹೂಡದಿದ್ದರೆ ಒಂದು ದಿನ ಉಳಿಯುವುದು ಗುಂಡಿ.

ಬೆರಿಯಾದಲ್ಲಿ ಇದು ಕಣ್ಣಿಗೆ ಕಾಣುವಂತೆಯೇ ನಡೆಯಿತು. ಗಣಿಯ ಅಂಚು ಕಾಲೇಜಿನ ಹಳೆಯ ಜಾಗದತ್ತ ಸರಿಯುತ್ತ ಬಂತು. ಕೊನೆಗೆ ಆ ಜಾಗ ಗಣಿಯ ಪಾಲಾಗಿ ಬಾಲ್ಡ್‌ವಿನ್ ಯೂನಿವರ್ಸಿಟಿ ಊರಿನ ಉತ್ತರ ಭಾಗಕ್ಕೆ ಎದ್ದುಹೋಗಬೇಕಾಯಿತು.

ಮೂರನೆಯ ಮಾದರಿ ಬಾಸ್ಟನ್‌ನ ಮೀನು ವ್ಯಾಪಾರಿ ಐಸಾಕ್ ರಿಚ್ ಅವರದು. 1869ರಲ್ಲಿ ಬಾಸ್ಟನ್ ಯೂನಿವರ್ಸಿಟಿ ಸ್ಥಾಪಿಸಿದ ಮೂವರು ಮೆಥೊಡಿಸ್ಟರಲ್ಲಿ ಒಬ್ಬರು. 1872ರ ಜನವರಿಯಲ್ಲಿ ತೀರಿಕೊಂಡಾಗ ಆಸ್ತಿಯನ್ನು ಅದಕ್ಕೇ ಬರೆದಿಟ್ಟಿದ್ದರು. ಆಸ್ತಿ ಎಂದರೆ ಬಹುಪಾಲು ಬಾಸ್ಟನ್ ನಗರದ ಕಟ್ಟಡಗಳು. ಅದೇ ನವೆಂಬರ್ 9ರ ರಾತ್ರಿ ಹೊತ್ತಿದ ಬೆಂಕಿಯಲ್ಲಿ ಒಂದನ್ನು ಬಿಟ್ಟು ಎಲ್ಲವೂ ಸುಟ್ಟವು. ವಿಮೆ ಇತ್ತು, ಆದರೆ ಅಷ್ಟು ದೊಡ್ಡ ಬೆಂಕಿಗೆ ವಿಮೆ ಕಂಪನಿಗಳೇ ಮುಳುಗಿದವು. 1882ರಲ್ಲಿ ಆಸ್ತಿ ಕೈಗೆ ಬರುವ ಹೊತ್ತಿಗೆ ಬೆಲೆ ಅರ್ಧಕ್ಕೆ ಇಳಿದಿತ್ತು. ದಾನಿ ಮಾತು ತಪ್ಪಲಿಲ್ಲ, ಪತ್ರವೂ ಸರಿಯಿತ್ತು. ಎಲ್ಲವೂ ಒಂದೇ ಪೇಟೆಯಲ್ಲಿತ್ತು, ಅಷ್ಟೇ.

---

ಕಲ್ಲುಕುಟಿಕ

ಹುಡುಕುವವರಿಗೆ ಒಂದು ಎಚ್ಚರಿಕೆ, ಹೆಸರುಗಳು ಇಲ್ಲಿ ಬಹಳ ತೊಡಕು.

ಕೆಂಟಕಿಯ ಬೆರಿಯಾ ಕಾಲೇಜು ಬೇರೆಯದೇ. ಜಾನ್ ಫೀ ಸ್ಥಾಪಿಸಿದ್ದು, ಅದರ ವರ್ಷವೂ 1855, ಅದೂ ಬಿಳಿಯರು ಕರಿಯರು ಒಟ್ಟಿಗೆ ಓದಿದ ಕಾಲೇಜು, ಹೆಸರೂ ಅದೇ ಬೈಬಲ್ ಊರಿನದು. ಎರಡನ್ನೂ ಬೆರೆಸಿದ ಬರಹಗಳು ಆಗಾಗ ಕಾಣುತ್ತವೆ. ಹಾಗೆಯೇ ರೈಲು ಎಂಜಿನ್‌ನ ಬಾಲ್ಡ್‌ವಿನ್ ಎಂದರೆ ಫಿಲಡೆಲ್ಫಿಯಾದ ಮ್ಯಾಥಿಯಸ್ ಬಾಲ್ಡ್‌ವಿನ್, ನಮ್ಮ ಶಾಲೆಗೂ ಅವರಿಗೂ ಸಂಬಂಧವಿಲ್ಲ. ಕ್ಯಾನ್ಸಸ್‌ನ ಬಾಲ್ಡ್‌ವಿನ್ ಸಿಟಿ ಮಾತ್ರ ಇದೇ ಜಾನ್ ಬಾಲ್ಡ್‌ವಿನ್ ಹೆಸರಿನದು. 1858ರಲ್ಲಿ ಅಲ್ಲಿ ಬೇಕರ್ ಯೂನಿವರ್ಸಿಟಿ ಎದ್ದಾಗ ಊರಿಗೆ ಗರಗಸದ ಗಿರಣಿ, ಹಿಟ್ಟಿನ ಗಿರಣಿ ಹಾಕಿಕೊಟ್ಟವರು ಇವರು. ಲೂಸಿಯಾನಾದಲ್ಲೂ ಬಾಲ್ಡ್‌ವಿನ್ ಎಂಬ ಊರಿದೆ. ಅಂತರ್ಯುದ್ಧ ಮುಗಿದ ಮೇಲೆ ಅವರು ಅಲ್ಲಿ ತೋಟ ಕೊಂಡರು, 1884ರಲ್ಲಿ ತೀರಿಕೊಂಡದ್ದೂ ಆ ರಾಜ್ಯದಲ್ಲೇ. ಬೆಂಗಳೂರಿನ ಶಾಲೆಗಳಿಗೆ ಆಗ ನಾಲ್ಕು ವರ್ಷ.

‘ಮೂಲಧನ’ ಅವರು ಹೇಳಿದ ಗುಂಡಿಯ ಬಗ್ಗೆ ಒಂದು ಮಾತು ಸೇರಿಸಬೇಕು. 1891ರಲ್ಲಿ ಎಡ್ವರ್ಡ್ ಆಚೆಸನ್ ಕಾರ್ಬೊರಂಡಮ್ ಎಂಬ ಕೃತಕ ಸಾಣೆಪುಡಿ ಕಂಡುಹಿಡಿದ ಮೇಲೆ, ವಿದ್ಯುತ್ ಕುಲುಮೆಯಲ್ಲಿ ತಯಾರಾದ ಆ ಪುಡಿಗೆ ಅಂಟು ಕೂಡಿಸಿ ಮಾಡಿದ ಸಾಣೆಚಕ್ರ ಬಂತು. ಅಂಟಿನ ಹದವನ್ನು ಕಾರ್ಖಾನೆಯಲ್ಲೇ ಬೇಕಾದಂತೆ ಕೂಡಿಸಬಹುದು, ವೇಗವನ್ನೂ ಹಲವು ಪಟ್ಟು ಏರಿಸಬಹುದು. ಬೆರಿಯಾದ ಕಲ್ಲಿಗಿದ್ದ ಬೇಡಿಕೆ ಇಳಿಯುತ್ತ ಹೋಗಿ, 20ನೇ ಶತಮಾನದ ಮೊದಲ ಅರ್ಧ ಮುಗಿಯುವ ಹೊತ್ತಿಗೆ ಅಲ್ಲಿನ ಗಣಿಗಳು ನಿಂತವು. ಬಿಟ್ಟುಹೋದ ಗುಂಡಿಗಳಲ್ಲಿ ನೀರು ನಿಂತು ಕೆರೆಗಳಾದವು. ಇಂದು ವಾಲೇಸ್ ಲೇಕ್, ಕೋ ಲೇಕ್ ಎನ್ನುವುದು ಅವನ್ನೇ. ವಾಲೇಸ್ ಲೇಕ್‌ನಲ್ಲಿ ಬೇಸಿಗೆಯಲ್ಲಿ ಜನ ಈಜಲು ಬರುತ್ತಾರೆ.